ಮನೆಪಾಠವೇ ಕಸುಬಾಗುವಾಗ

ಕಂಪನಿ ಕೆಲಸ ಮುಗಿಸಿ ಬಂದು, ಸಂಜೆ ಆರೂವರೆಯಿಂದ ಎಂಟರವರೆಗೆ ಹತ್ತನೇ ಕ್ಲಾಸಿನ ಹತ್ತು ಮಕ್ಕಳಿಗೆ ಗಣಿತ ಹೇಳಿಕೊಡುವವರು ಊರಿಗೆ ಹತ್ತಾರು ಮಂದಿ ಸಿಗುತ್ತಾರೆ. ಬಿ.ಎಸ್ಸಿ., ಬಿ.ಇಡಿ. ಮುಗಿಸಿ, ಮಕ್ಕಳಾದ ಮೇಲೆ ನೌಕರಿ ಬಿಟ್ಟು, ಮನೆಯ ಹಾಲ್‌ನಲ್ಲೇ ಓಣಿಯ ಹುಡುಗರನ್ನು ಕೂರಿಸಿಕೊಂಡು ಪಾಠ ಮಾಡುವ ಮಿಸ್ಸುಗಳೂ ಅಷ್ಟೇ ಇದ್ದಾರೆ. ಒಂದೆರಡು ವರ್ಷ ರಿಸಲ್ಟು ಚೆನ್ನಾಗಿ ಬಂತು, ಬಾಯಿಂದ ಬಾಯಿಗೆ ಹೆಸರು ಹರಡಿತು, ‘ನಮ್ಮ ಮಗನನ್ನೂ ಸೇರಿಸ್ಕೊಳ್ಳಿ ಸಾರ್’ ಎಂದು ಗೇಟಿನ ಹತ್ತಿರ ನಿಲ್ಲುವವರು ಜಾಸ್ತಿಯಾದರು. ಆಗ ಎಲ್ಲರ ತಲೆಯಲ್ಲೂ ಓಡುವುದು ಒಂದೇ ಲೆಕ್ಕ: ದಿನಕ್ಕೆ ಒಂದೂವರೆ ಗಂಟೆ ಕೂತರೆ ತಿಂಗಳಿಗೆ ಹದಿನೈದು ಸಾವಿರ ಬರುತ್ತದೆ ಅಂದರೆ, ಏಳೆಂಟು ಗಂಟೆ ಕೂತರೆ ಎಪ್ಪತ್ತೈದು ಸಾವಿರ. ಮತ್ತೆ ಈ ನೌಕರಿ ಯಾಕೆ?

ಗುಣಾಕಾರ ಸರಿಯಾಗಿದೆ, ಗಂಟೆಯ ಎಣಿಕೆ ತಪ್ಪಿದೆ. ಮಕ್ಕಳು ಮನೆಗೆ ಬರುವುದೇ ನಾಲ್ಕು, ನಾಲ್ಕೂವರೆಗೆ. ರಾತ್ರಿ ಒಂಬತ್ತಾದ ಮೇಲೆ ಅವರನ್ನು ಟ್ಯೂಷನ್ನಿಗೆ ಕಳಿಸುವ ಮನೆಗಳು ಕಡಿಮೆ. ಮೇಷ್ಟ್ರು ರಾಜೀನಾಮೆ ಕೊಟ್ಟರೆಂದು ಶಾಲೆಯ ಕೊನೆಯ ಗಂಟೆ ಬೇಗ ಹೊಡೆಯುವುದಿಲ್ಲ. ಪಾರ್ಟ್‌ಟೈಮ್ ಟ್ಯೂಷನ್ನನ್ನು ಪೂರ್ಣಾವಧಿ ಕಸುಬು ಮಾಡಿಕೊಳ್ಳ ಹೊರಟವರು ಮೊದಲು ಎದುರಿಸುವ ಗೋಡೆ ಇದೇ. ದಿನ ಪೂರ್ತಿ ಬಿಡುವಾಗುತ್ತದೆ, ಆದರೆ ಮಾರಲು ಸಿಗುವುದು ಆ ನಾಲ್ಕೂವರೆ ಗಂಟೆ ಮಾತ್ರ. ಉಳಿದ ಲೆಕ್ಕವೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಬೇಡಿಕೆಯ ಬಗ್ಗೆ ಅನುಮಾನ ಬೇಡ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ನಡೆಸಿದ ಶಿಕ್ಷಣ ಸಮೀಕ್ಷೆಯ ಪ್ರಕಾರ, ದೇಶದ ಶಾಲಾ ಮಕ್ಕಳಲ್ಲಿ ಶೇ 27ರಷ್ಟು ಮಂದಿ ಆ ವರ್ಷ ಖಾಸಗಿ ಪಾಠಕ್ಕೆ ಹೋಗಿದ್ದರು. ನಗರಗಳಲ್ಲಿ ಇದು ಶೇ 30.7, ಹಳ್ಳಿಗಳಲ್ಲಿ ಶೇ 25.5. ಟ್ಯೂಷನ್ ಪೇಟೆಯವರ ಖಯಾಲಿ ಎಂದು ತಿಳಿದವರು ಹಳ್ಳಿಯ ಅಂಕಿಯನ್ನು ಇನ್ನೊಮ್ಮೆ ನೋಡಬೇಕು. ವ್ಯತ್ಯಾಸ ಇರುವುದು ಹೋಗುವವರ ಸಂಖ್ಯೆಗಿಂತ ಹೆಚ್ಚಾಗಿ ಖರ್ಚಿನಲ್ಲಿ. ಪಿಯು ಹಂತದಲ್ಲಿ ವಿದ್ಯಾರ್ಥಿಯೊಬ್ಬರ ಕೋಚಿಂಗ್‌ಗೆ ನಗರದ ಕುಟುಂಬ ವರ್ಷಕ್ಕೆ ಸರಾಸರಿ 9,950 ರೂಪಾಯಿ ತೆತ್ತರೆ, ಹಳ್ಳಿಯ ಕುಟುಂಬ ತೆತ್ತದ್ದು 4,548. ಟ್ಯೂಷನ್ನಿಗೆ ಹೋಗದವರನ್ನೂ ಸೇರಿಸಿ ತೆಗೆದ ಸರಾಸರಿ ಇದು. ಆದ್ದರಿಂದ ಹೋಗುವವರು ನಿಜಕ್ಕೂ ಕೊಡುವ ಫೀಸು ಇದಕ್ಕಿಂತ ಹೆಚ್ಚು.

ಆದರೆ ಈ ದಾರಿ ಎಲ್ಲರಿಗೂ ತೆರೆದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ ಎಂದು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತದೆ. ಎಷ್ಟೋ ಊರುಗಳಲ್ಲಿ ಬೆಳಿಗ್ಗೆ ಶಾಲೆಯಲ್ಲಿ ಪಾಠ ಮಾಡಿದವರೇ ಸಂಜೆ ಅದೇ ಮಕ್ಕಳಿಗೆ ಮನೆಯಲ್ಲಿ ಪಾಠ ಮಾಡುತ್ತಾರೆ ಎಂಬುದು ಗುಟ್ಟೇನಲ್ಲ. ಕಾನೂನಿನ ಕಣ್ಣಿನಲ್ಲಿ ಅದು ತಪ್ಪು. ಹಾಗಾಗಿ ಶಿಕ್ಷಕ ವೃತ್ತಿಯಲ್ಲಿ ಇರುವವರಿಗೆ ‘ಮೊದಲು ಪಾರ್ಟ್‌ಟೈಮ್ ಮಾಡಿ ನೋಡೋಣ, ಆಮೇಲೆ ಬಿಡೋಣ’ ಎಂಬ ಅನುಕೂಲವೇ ಇಲ್ಲ. ಆ ಅನುಕೂಲ ಇರುವುದು ಬೇರೆ ಕೆಲಸದಲ್ಲಿರುವವರಿಗೆ, ಗೃಹಿಣಿಯರಿಗೆ, ಎಂ.ಎಸ್ಸಿ. ಓದುತ್ತಲೋ ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುತ್ತಲೋ ಖರ್ಚಿಗೆ ಪಾಠ ಹೇಳುವವರಿಗೆ. ಖಾಸಗಿ ಕಂಪನಿಯ ನೌಕರರಿಗೂ ನೇಮಕಾತಿ ಪತ್ರದಲ್ಲಿ ಬೇರೆ ದುಡಿಮೆ ಕೂಡದೆಂಬ ಷರತ್ತು ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಈಗ ಆ ನಾಲ್ಕೂವರೆ ಗಂಟೆಗೆ ಬರೋಣ. ನಾಲ್ಕೂವರೆಯಿಂದ ಒಂಬತ್ತರವರೆಗೆ ಒಂದೂವರೆ ಗಂಟೆಯ ಮೂರು ಪಾಠ. ಸೋಮ–ಬುಧ–ಶುಕ್ರ ಒಂದು ಸರದಿ, ಮಂಗಳ–ಗುರು–ಶನಿ ಇನ್ನೊಂದು. ಒಬ್ಬೊಬ್ಬರಿಗೇ ಹೇಳಿಕೊಟ್ಟರೆ ಹೆಚ್ಚೆಂದರೆ ಆರು ಮಕ್ಕಳು. ತಲಾ ಐದು ಸಾವಿರದಂತೆ ಹಿಡಿದರೂ ತಿಂಗಳಿಗೆ ಮೂವತ್ತು ಸಾವಿರ. ಅದೇ ಆರು ಪಾಠಗಳನ್ನು ಹತ್ತು ಹತ್ತು ಮಕ್ಕಳ ಬ್ಯಾಚ್ ಮಾಡಿ, ತಲಾ 1,500 ತೆಗೆದುಕೊಂಡರೆ 60 ಮಕ್ಕಳಿಗೆ ತೊಂಬತ್ತು ಸಾವಿರ. ವರ್ಷದಲ್ಲಿ ಫೀಸು ಬರುವುದು ಹತ್ತು ತಿಂಗಳೆಂದು ಲೆಕ್ಕ ಹಾಕಿ ಹನ್ನೆರಡಕ್ಕೆ ಹಂಚಿದರೆ ತಿಂಗಳಿಗೆ ಎಪ್ಪತ್ತೈದು ಸಾವಿರ. ಬಾಡಿಗೆ, ಕರೆಂಟು, ಜೆರಾಕ್ಸು, ಬೆಂಚು ಕಳೆದು ಉಳಿದದ್ದು ಕೈಗೆ. ಹೊಟ್ಟೆಪಾಡಿನ ದೃಷ್ಟಿಯಿಂದ ಬ್ಯಾಚಿನ ದಾರಿಯೇ ಗೆಲ್ಲುತ್ತದೆ. ಮೊದಲು ಹಾಕಿದ ಎಪ್ಪತ್ತೈದು ಸಾವಿರದ ಲೆಕ್ಕ ಹೀಗೆ ಕೈಗೂಡಿತು, ಆದರೆ ಆರು ಬ್ಯಾಚೂ ತುಂಬಿದಾಗ ಮಾತ್ರ.

ಪಾಠದ ದೃಷ್ಟಿಯಿಂದ ನೋಡಿದರೆ ಚಿತ್ರ ಬೇರೆ. ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ಕ್ಷೇತ್ರದಲ್ಲಿ ಹೆಸರುವಾಸಿ. ಒಬ್ಬರಿಗೊಬ್ಬರು ಕೂತು ಕಲಿತ ಸಾಧಾರಣ ವಿದ್ಯಾರ್ಥಿ, ಮಾಮೂಲಿ ತರಗತಿಯಲ್ಲಿ ಕಲಿತ ನೂರರಲ್ಲಿ 98 ಮಂದಿಯನ್ನು ಹಿಂದೆ ಹಾಕಬಲ್ಲ ಎಂಬುದು ಅದರ ಸಾರ. ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಲಾಭ ಕಾಣಲಿಲ್ಲ. ಅಮೆರಿಕದಲ್ಲೇ 2020ರಲ್ಲಿ 96 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಸಂಶೋಧಕರಿಗೆ ಸಿಕ್ಕ ಲಾಭ ಬ್ಲೂಮ್ ಹೇಳಿದ್ದರ ಐದನೇ ಒಂದು ಪಾಲಿನ ಆಸುಪಾಸು. ಹಾಗಿದ್ದರೂ ಶಿಕ್ಷಣದಲ್ಲಿ ಮಾಡಿ ನೋಡಿದ ಉಪಾಯಗಳ ಪೈಕಿ ಅದು ಗಟ್ಟಿ ಫಲವೇ. ಆ ಫಲ ಕೊಟ್ಟವು ಒಬ್ಬರಿಗೊಬ್ಬರು ಅಥವಾ ಮೂರು ನಾಲ್ಕು ಮಕ್ಕಳ ಗುಂಪಿನ ಪಾಠಗಳು. ಗುಂಪು ಇಪ್ಪತ್ತು ಮೂವತ್ತಕ್ಕೆ ಬೆಳೆದರೆ ಅದು ಇನ್ನೊಂದು ತರಗತಿ ಆಗಿಬಿಡುತ್ತದೆ, ಬೆಳಿಗ್ಗೆ ಮಗು ಯಾವುದರಲ್ಲಿ ಕಳೆದುಹೋಗಿತ್ತೋ ಅಂಥದ್ದೇ ಇನ್ನೊಂದು.

ಚಿಕ್ಕ ಬ್ಯಾಚಿನಲ್ಲಿ ಆಗುವುದೇನು? ವರ್ಗ ಸಮೀಕರಣ ಬಿಡಿಸುತ್ತಿರುವ ಹುಡುಗಿಯೊಬ್ಬಳ ನೋಟ್‌ಬುಕ್ಕು ನೋಡಿ. ಮಧ್ಯದ ಪದವನ್ನು ಸರಿಯಾಗಿ ಒಡೆದಿದ್ದಾಳೆ, ಅಪವರ್ತನಗಳೂ ಸರಿ. ಕೊನೆಯ ಸಾಲಿನಲ್ಲಿ ಮಾತ್ರ ಉತ್ತರ ಎರಡು, ಮೂರು ಎಂದಿರಬೇಕಾದಲ್ಲಿ ಮೈನಸ್ ಎರಡು, ಮೈನಸ್ ಮೂರು ಎಂದು ಬರೆದಿದ್ದಾಳೆ. ಆವರಣದೊಳಗಿನ ಚಿಹ್ನೆಯನ್ನು ಹಾಗೇ ಇಳಿಸಿದ್ದಾಳೆ. ಹಿಂದಿನ ಪುಟ ತಿರುವಿದರೆ ಅಲ್ಲೂ ಅದೇ ತಪ್ಪು, ಅದರ ಹಿಂದೆಯೂ ಅದೇ. ಅವಳಿಗೆ ಲೆಕ್ಕ ಬರುವುದಿಲ್ಲ ಎಂದಲ್ಲ. ಆವರಣದಲ್ಲಿರುವುದು ಸೊನ್ನೆಗೆ ಸಮ ಎಂಬುದರ ಅರ್ಥ ಅವಳಿಗೆ ಹೊಳೆದಿಲ್ಲ, ಅಷ್ಟೇ. ಹತ್ತು ನಿಮಿಷದಲ್ಲಿ ಸರಿಹೋಗುವ ವಿಷಯ. ಯೂಟ್ಯೂಬಿನಲ್ಲಿ ಇದೇ ಅಧ್ಯಾಯದ ಮೇಲೆ ಕನ್ನಡದಲ್ಲೇ ಬೇಕಾದಷ್ಟು ಪಾಠಗಳಿವೆ, ಅದೂ ಬಿಟ್ಟಿ. ಆದರೆ ಆ ವಿಡಿಯೊ ಅವಳ ಪುಟ ತಿರುವಿ ನೋಡುವುದಿಲ್ಲ. ಅಪ್ಪ ಅಮ್ಮ ತಿಂಗಳು ತಿಂಗಳು ಫೀಸು ಕಟ್ಟುವುದು ಈ ಹತ್ತು ನಿಮಿಷಕ್ಕೆ. ಬ್ಯಾಚು ಹತ್ತಾದಾಗ ಮೇಷ್ಟ್ರಿಂದ ಪ್ರತಿ ಮಗುವಿಗೂ ಸಿಗುವುದು ಒಂಬತ್ತು ನಿಮಿಷ, ಇಪ್ಪತ್ತಾದಾಗ ನಾಲ್ಕೂವರೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಸುಬು ಶುರು ಮಾಡುವ ಮೊದಲೇ ನಿರ್ಧರಿಸದವರು ಎರಡೇ ವರ್ಷದಲ್ಲಿ ಜನ ಮೆಚ್ಚಿ ಬಂದ ಗುಣವನ್ನೇ ಕಳೆದುಕೊಳ್ಳುತ್ತಾರೆ.

ಹಗಲಿನ ಹೊತ್ತನ್ನು ತುಂಬಿಸಿಕೊಳ್ಳಲು ದಾರಿಗಳಿಲ್ಲ ಎಂದಲ್ಲ. ಅದಕ್ಕೆ ಹಗಲು ಬಿಡುವಿರುವ ವಿದ್ಯಾರ್ಥಿಗಳು ಬೇಕು. ಪಿಯುಸಿ ಮುಗಿಸಿ ನೀಟ್‌ಗೆ ಇನ್ನೊಂದು ವರ್ಷ ಓದುವವರು, ಎನ್‌ಐಒಎಸ್ ಮುಕ್ತ ಶಾಲೆಯ ಮೂಲಕ ಪರೀಕ್ಷೆ ಕಟ್ಟಿದವರು, ಡಿಪ್ಲೊಮಾ ಗಣಿತದಲ್ಲಿ ಬಾಕಿ ಉಳಿಸಿಕೊಂಡವರು ಒಂದು ಗುಂಪು. ಇನ್ನೊಂದು ಗುಂಪು ಸಮುದ್ರದಾಚೆ ಇದೆ. ಇಲ್ಲಿ ಬೆಳಗಿನ ಆರೂವರೆ ಆದಾಗ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ಸಂಜೆ, ಬೇಸಿಗೆಯಲ್ಲಿ ಆರು ಗಂಟೆ, ಚಳಿಗಾಲದಲ್ಲಿ ಐದು. ಅಲ್ಲಿನ ಕನ್ನಡಿಗರ ಮಕ್ಕಳಿಗೆ ಗಣಿತವನ್ನೋ ಕನ್ನಡವನ್ನೋ ಶಾಸ್ತ್ರೀಯ ಸಂಗೀತವನ್ನೋ ಲ್ಯಾಪ್‌ಟಾಪಿನ ಮುಂದೆ ಕೂತು ಹೇಳಿಕೊಟ್ಟು, ಎಂಟಕ್ಕೆ ತಿಂಡಿಗೆ ಏಳುವ ಶಿಕ್ಷಕಿಯರು ಮೈಸೂರು, ಬೆಂಗಳೂರಿನಲ್ಲಿ ಹೊಸಬರಲ್ಲ.

ಬೆಂಗಳೂರಿನಲ್ಲೇ ಕನ್ನಡಕ್ಕೆ ಒಂದು ಬೇಡಿಕೆ ಹುಟ್ಟಿದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ 2017–18ರಿಂದ ಒಂದನೇ ತರಗತಿಯಿಂದ ಹಂತ ಹಂತವಾಗಿ ಜಾರಿಗೆ ಬಂದು, ರಾಜ್ಯದ ಶಾಲೆಗಳಲ್ಲಿ, ಕೇಂದ್ರ ಪಠ್ಯಕ್ರಮದವೂ ಸೇರಿದಂತೆ, ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕೆಂದು ಹೇಳಿತು. ಮನೆಯಲ್ಲಿ ಹಿಂದಿ, ಬಂಗಾಳಿ, ತೆಲುಗು ಮಾತಾಡುವ ಮಕ್ಕಳಿಗೆ ಒತ್ತಕ್ಷರ ತಿದ್ದಿಸಲು ಅಪ್ಪ ಅಮ್ಮಂದಿರಿಗೆ ಬರುವುದಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಕನ್ನಡ ಟ್ಯೂಷನ್ ಮಿಸ್ ಯಾರಾದರೂ ಇದ್ದಾರಾ’ ಎಂಬ ಪ್ರಶ್ನೆ ಏಳುವುದು ಹೀಗೆ. ಈ ಮಕ್ಕಳ ಸಾಲಿಗೆ, ಆಫೀಸಿನಲ್ಲಿ, ಆಟೊದಲ್ಲಿ ಮಾತಾಡುವಷ್ಟು ಕನ್ನಡ ಕಲಿಯಬೇಕೆನ್ನುವ ವಯಸ್ಕರೂ ಸೇರಿಕೊಳ್ಳುತ್ತಾರೆ. ಈ ದೊಡ್ಡವರಿಗೆ ಪಾಠ ಬೇಕಾಗುವುದು ಬೆಳಿಗ್ಗೆ ಏಳಕ್ಕೆ ಅಥವಾ ಶನಿವಾರ, ಭಾನುವಾರ. ಗಣಿತ, ವಿಜ್ಞಾನಕ್ಕಷ್ಟೇ ಬೆಲೆ ಎಂದು ತಿಳಿದಿದ್ದ ಕನ್ನಡ ಎಂ.ಎ.ದವರಿಗೆ ಇದು ಒದಗಿ ಬಂದ ಅವಕಾಶ.

ವರ್ಷದ ಹಣದ ಹರಿವು ಇನ್ನೊಂದು ತಲೆನೋವು. ತಿಂಗಳ ಸಂಬಳಕ್ಕೆ ಒಗ್ಗಿಹೋದವರಿಗೆ ಟ್ಯೂಷನ್ನಿನ ಕ್ಯಾಲೆಂಡರ್ ಕಷ್ಟ ಕೊಡುತ್ತದೆ. ಜೂನ್‌ನಲ್ಲಿ ಮಕ್ಕಳು ನಿಧಾನವಾಗಿ ಸೇರುತ್ತಾರೆ, ಮೊದಲ ಕಿರುಪರೀಕ್ಷೆಯ ಅಂಕ ಬಂದ ಮೇಲೆ ಬ್ಯಾಚು ತುಂಬುತ್ತದೆ, ಅಕ್ಟೋಬರ್‌ನಲ್ಲಿ ದಸರಾ ರಜೆ, ಜನವರಿ–ಫೆಬ್ರುವರಿಯಲ್ಲಿ ಉಸಿರಾಡಲು ಬಿಡುವಿಲ್ಲ, ಮಾರ್ಚ್ ಕಳೆಯುತ್ತಿದ್ದಂತೆ ಮನೆ ಖಾಲಿ. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದದ್ದು ಇದನ್ನು ಸ್ವಲ್ಪ ಬದಲಿಸಿದೆ. ಪರೀಕ್ಷೆ–1ರಲ್ಲಿ ಅಂಕ ಸಾಲದವರು ಪರೀಕ್ಷೆ–2ಕ್ಕೆ ಕೂರಬಹುದು. ಹಿಂದೆ ಬರಗಾಲದಂತಿದ್ದ ಬೇಸಿಗೆಯಲ್ಲಿ ಈಗ ಕಿರು ಅವಧಿಯ ಬ್ಯಾಚುಗಳು ನಡೆಯುತ್ತವೆ. ಒಮ್ಮೆ ಎಡವಿ ಬಂದ ಈ ಮಕ್ಕಳಿಗೆ ಪೂರ್ತಿ ಪಠ್ಯ ಮತ್ತೆ ಹೇಳುವ ಅಗತ್ಯವಿಲ್ಲ. ಪಾಸಾಗಲು ಬೇಕಾದ ಅಧ್ಯಾಯಗಳನ್ನು ಆರಿಸಿ ಕಲಿಸುವ ಚಾತುರ್ಯ ಬೇಕು.

ಫೀಸು ಕೇಳುವುದೂ ಒಂದು ಕೆಲಸ. ಪಾರ್ಟ್‌ಟೈಮ್ ಇದ್ದಾಗ ‘ಇರಲಿ ಬಿಡಿ, ಮುಂದಿನ ತಿಂಗಳು ಕೊಡಿ’ ಎಂದು ಮುಲಾಜಿಗೆ ಬಿದ್ದದ್ದು ನಡೆದುಹೋಗುತ್ತಿತ್ತು. ಮನೆ ಬಾಡಿಗೆಯೇ ಅದರಿಂದ ಕಟ್ಟಬೇಕಾದಾಗ ನಡೆಯುವುದಿಲ್ಲ. ತಿಂಗಳ ಮೊದಲ ವಾರದಲ್ಲೇ ಫೀಸು, ಹುಡುಗ ಗೈರುಹಾಜರಾದರೂ ಅದೇ ಫೀಸು, ಮೇಷ್ಟ್ರು ರಜೆ ಹಾಕಿದರೆ ಬದಲಿ ಪಾಠ ಎಂಬ ಮೂರು ಮಾತನ್ನು ಸೇರಿಸಿಕೊಳ್ಳುವ ದಿನವೇ ಹೇಳಿ, ಒಂದು ಹಾಳೆಯಲ್ಲಿ ಬರೆದುಕೊಟ್ಟವರಿಗೆ ಆಮೇಲೆ ಜಗಳ ಕಡಿಮೆ.

ಟ್ಯೂಷನ್ನಿನಿಂದ ಮೇಲೆ ಬಂದವರ ಕಥೆ ಕೇಳಿದಾಗ ಎಲ್ಲರ ಬಾಯಲ್ಲೂ ಬರುವ ಹೆಸರುಗಳು ಕೆಲವು. ಸಲ್ಮಾನ್ ಖಾನ್ ಎಂಬ ಬಾಸ್ಟನ್ನಿನ ಹಣಕಾಸು ವಿಶ್ಲೇಷಕ 2004ರಲ್ಲಿ ದೂರದ ಊರಿನಲ್ಲಿದ್ದ ಸಂಬಂಧಿಕರ ಹುಡುಗಿಯೊಬ್ಬಳಿಗೆ ಫೋನಿನಲ್ಲಿ ಗಣಿತ ಹೇಳಿಕೊಡಲು ತೊಡಗಿದರು. ಕೇಳುವ ಮಕ್ಕಳು ಹೆಚ್ಚಾದಾಗ 2006ರಲ್ಲಿ ಪಾಠಗಳನ್ನು ಯೂಟ್ಯೂಬಿಗೆ ಹಾಕಿದರು. ನೌಕರಿ ಬಿಟ್ಟದ್ದು 2009ರಲ್ಲಿ, ಅಂದರೆ ಐದು ವರ್ಷದ ಮೇಲೆ. ಆಮೇಲೂ ದಾನಿಗಳು ಸಿಗುವವರೆಗೆ ಉಳಿತಾಯ ಕರಗಿಸಿಯೇ ಸಂಸಾರ ನಡೆಸಿದರು. ಇಂದಿನ ಖಾನ್ ಅಕಾಡೆಮಿ ಅದೇ. ಪ್ರಯಾಗರಾಜದ ಅಲಖ್ ಪಾಂಡೆ ಸಣ್ಣ ಕೋಚಿಂಗ್ ಸೆಂಟರಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದವರು. ಅವರ ‘ಫಿಸಿಕ್ಸ್ ವಾಲಾ’ 2025ರ ನವೆಂಬರ್‌ನಲ್ಲಿ ಷೇರುಪೇಟೆ ಸೇರಿತು. ಕೇರಳದ ಅಳಿಕ್ಕೋಡಿನ ಬೈಜು ರವೀಂದ್ರನ್ ಗೆಳೆಯರಿಗೆ ಕ್ಯಾಟ್ ಪರೀಕ್ಷೆಗೆ ಹೇಳಿಕೊಡುತ್ತ ಹಡಗು ಕಂಪನಿಯ ಎಂಜಿನಿಯರ್ ಕೆಲಸ ಬಿಟ್ಟು, ಬೆಂಗಳೂರಿನಲ್ಲಿ ಕಟ್ಟಿದ ಕಂಪನಿಯ ಬೆಲೆ 2022ರಲ್ಲಿ 22 ಶತಕೋಟಿ ಡಾಲರ್ ಎನ್ನಿಸಿಕೊಂಡಿತ್ತು. 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ಅದೇ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಒಳಪಡಿಸಿತು.

ಈ ಮೂವರಲ್ಲಿ ಮನೆಪಾಠವನ್ನು ಪೂರ್ಣಾವಧಿ ಮಾಡಿಕೊಂಡು ಅಲ್ಲೇ ಉಳಿದವರು ಯಾರೂ ಇಲ್ಲ. ಎಲ್ಲರೂ ಪಾಠದಿಂದ ಸಂಸ್ಥೆ ಕಟ್ಟುವ ಕೆಲಸಕ್ಕೆ ಹೋದರು, ಅದಕ್ಕೆ ಬೇಕಾದ ಬಂಡವಾಳ, ಆಳುಕಾಳು, ಎದೆಗಾರಿಕೆಯೇ ಬೇರೆ. ರಾಜಾಜಿನಗರದಲ್ಲೋ ಶಿವಮೊಗ್ಗದ ವಿನೋಬನಗರದಲ್ಲೋ ಅರವತ್ತು ಮಕ್ಕಳಿಗೆ ಪಾಠ ಹೇಳುವವರಿಗೆ ಇವರಿಂದ ಕಲಿಯಲು ಸಿಗುವ ಪಾಠ ಖಾನ್ ಅವರ ಆ ಐದು ವರ್ಷಗಳ ತಾಳ್ಮೆ ಒಂದೇ.

ಅರವತ್ತು ಮಕ್ಕಳು ಅಂದ ಕೂಡಲೇ ಸರ್ಕಾರವೂ ಒಳಗೆ ಬರುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ರಾಜ್ಯಗಳಿಗೆ ಕಳಿಸಿದ ಮಾರ್ಗಸೂಚಿಯ ಪ್ರಕಾರ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಜಾಗ ‘ಕೋಚಿಂಗ್ ಸೆಂಟರ್’. ಅಂಥ ಕಡೆ ನೋಂದಣಿ ಆಗಬೇಕು, ಕಲಿಸುವವರು ಕನಿಷ್ಠ ಪದವೀಧರರಾಗಿರಬೇಕು, ಪ್ರತಿ ವಿದ್ಯಾರ್ಥಿಗೆ ಒಂದು ಚದರ ಮೀಟರ್ ಜಾಗ ಇರಬೇಕು, ವಾರಕ್ಕೊಂದು ರಜೆ ಕೊಡಬೇಕು, ಮಧ್ಯದಲ್ಲಿ ಬಿಟ್ಟುಹೋದವರಿಗೆ ಉಳಿದ ಅವಧಿಯ ಫೀಸನ್ನು ಹತ್ತು ದಿನದೊಳಗೆ ಹಿಂದಿರುಗಿಸಬೇಕು. 16 ವರ್ಷ ತುಂಬದವರನ್ನು ಸೇರಿಸಿಕೊಳ್ಳುವಂತಿಲ್ಲ ಎಂಬ ಮಾತೂ ಅದರಲ್ಲಿದೆ. ಎಸ್ಸೆಸ್ಸೆಲ್ಸಿ ಮಕ್ಕಳನ್ನೇ ನೆಚ್ಚಿಕೊಂಡವರಿಗೆ ಇದು ಸಣ್ಣ ವಿಷಯವಲ್ಲ. ಇವನ್ನು ಜಾರಿಗೆ ತರುವುದು ರಾಜ್ಯಗಳಿಗೆ ಬಿಟ್ಟದ್ದು. ಟ್ಯುಟೋರಿಯಲ್‌ಗಳ ನೋಂದಣಿಗೆ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಪ್ರತ್ಯೇಕ ವಿಧಿಗಳಿವೆ, ಬ್ಯಾಚು ದೊಡ್ಡದಾಗುವ ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ವಿಚಾರಿಸಿಕೊಂಡರೆ ಒಳಿತು.

ಜಾಗದ ನಿಯಮವನ್ನು ಕಿರಿಕಿರಿ ಎಂದುಕೊಳ್ಳುವವರಿಗೆ ಸೂರತ್ ನೆನಪಿರಲಿ. 2019ರ ಮೇ 24ರಂದು ಅಲ್ಲಿನ ತಕ್ಷಶಿಲಾ ಕಟ್ಟಡದ ಮೇಲ್ಮಹಡಿಯಲ್ಲಿದ್ದ ಕೋಚಿಂಗ್ ತರಗತಿಗೆ ಬೆಂಕಿ ಬಿದ್ದು 22 ವಿದ್ಯಾರ್ಥಿಗಳು ಸತ್ತರು. ಇಳಿಯಲು ದಾರಿಯಿಲ್ಲದೆ ಮಕ್ಕಳು ಮೇಲಿಂದ ಜಿಗಿದರು. ನಮ್ಮ ಊರುಗಳಲ್ಲೂ ಟೆರೇಸಿನ ಮೇಲೆ ಶೀಟು ಹೊದಿಸಿ, ಒಬ್ಬರು ಹತ್ತುವಷ್ಟೇ ಅಗಲದ ಕಬ್ಬಿಣದ ಮೆಟ್ಟಿಲು ಇಟ್ಟ ಟ್ಯೂಷನ್ ಕೋಣೆಗಳು ಎಷ್ಟಿಲ್ಲ?

ಪ್ರಚಾರಕ್ಕೂ ಮಿತಿ ಇದೆ. ‘ನೂರಕ್ಕೆ ನೂರು ಗ್ಯಾರಂಟಿ’ ಎಂದು ಫ್ಲೆಕ್ಸ್ ಹಾಕುವುದು, ರ‍್ಯಾಂಕ್ ಬಂದವರ ಫೋಟೊವನ್ನು ಒಪ್ಪಿಗೆ ಇಲ್ಲದೆ ಬಳಸುವುದು ಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ನಿಯಮ ತಂದಿದೆ.

ಇನ್ನು ತೆರಿಗೆ. ಶಾಲೆಯ ಫೀಸಿಗೆ ಜಿಎಸ್‌ಟಿ ಇಲ್ಲ, ಕೋಚಿಂಗ್ ಫೀಸಿಗೆ ಶೇ 18 ಇದೆ. ಆದರೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿಯ ಅಗತ್ಯವಿಲ್ಲ. ತಿಂಗಳಿಗೆ 1,500 ಕೊಡುವ ಮಕ್ಕಳ ಸಂಖ್ಯೆ ಹನ್ನೆರಡೂ ತಿಂಗಳು 111ರ ಗಡಿ ದಾಟಿದರೆ ಮಾತ್ರ ಆ ಪ್ರಶ್ನೆ. ದಾಟಿದ ಬಳಿಕ 1,500ರ ಮೇಲೆ 270 ರೂಪಾಯಿ ಸೇರುತ್ತದೆ. ಪೋಷಕರು ಕೊಡಬೇಕು, ಇಲ್ಲವೇ ಮೇಷ್ಟ್ರು ತಮ್ಮ ಜೇಬಿನಿಂದ ಹಾಕಬೇಕು. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ನೌಕರರಿಗೆ ಸಿಗುವ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಸ್ವಂತ ಕಸುಬಿನವರಿಗೆ ಇಲ್ಲ, ಬಾಡಿಗೆ, ಬೋರ್ಡು, ಇಂಟರ್‌ನೆಟ್ಟಿನಂಥ ಖರ್ಚು ಕಳೆದು ಲಾಭ ತೋರಿಸಬಹುದು. ತೆರಿಗೆ ಬೀಳದಿದ್ದರೂ ರಿಟರ್ನ್ ಸಲ್ಲಿಸುತ್ತ ಬಂದರೆ ಮುಂದೆ ಗೃಹಸಾಲಕ್ಕೆ ಬ್ಯಾಂಕಿಗೆ ಹೋದಾಗ ಕೆಲಸಕ್ಕೆ ಬರುತ್ತದೆ. ಸಂಬಳದ ಚೀಟಿ ಇಲ್ಲದವರಿಗೆ ಅದೇ ಸಾಕ್ಷಿ. ಕಂಪನಿ ತನ್ನ ಪಾಲಿನಿಂದ ಹಾಕುತ್ತಿದ್ದ ಪಿಎಫ್, ಮನೆಮಂದಿಗೆಲ್ಲ ಇದ್ದ ಆರೋಗ್ಯ ವಿಮೆ ಎರಡೂ ನೌಕರಿಯ ಜೊತೆಗೇ ಹೋಗುತ್ತವೆ. ಎಪ್ಪತ್ತೈದು ಸಾವಿರದಲ್ಲಿ ವಿಮೆಯ ಕಂತು, ಎನ್‌ಪಿಎಸ್ ಅಥವಾ ಪಿಪಿಎಫ್ ಹಣ ಮೊದಲೇ ಎತ್ತಿಟ್ಟು ಉಳಿದದ್ದನ್ನು ಹಳೆಯ ಸಂಬಳದ ಜೊತೆ ಹೋಲಿಸಿದರಷ್ಟೇ ಹೋಲಿಕೆಗೆ ಅರ್ಥ.

ಹಾಗಾದರೆ ರಾಜೀನಾಮೆ ಯಾವಾಗ? ಹಲವರು ಅದನ್ನು ಬರೆಯುವುದು ಫೆಬ್ರುವರಿಯಲ್ಲಿ, ಬ್ಯಾಚುಗಳು ತುಂಬಿ ತುಳುಕುವಾಗ. ಆಗ ಬರುವವರಲ್ಲಿ ಅರ್ಧ ಜನ ಪರೀಕ್ಷೆಯ ಭಯಕ್ಕೆ ಬಂದವರು, ಏಪ್ರಿಲ್‌ನಲ್ಲಿ ಅವರು ಇರುವುದಿಲ್ಲ. ಇದಕ್ಕಿಂತ ನಂಬಬಹುದಾದ್ದು ಜೂನ್ ತಿಂಗಳ ಹಾಜರಿ ಪುಸ್ತಕ. ಕಳೆದ ವರ್ಷ ಒಂಬತ್ತನೇ ಕ್ಲಾಸಿನಲ್ಲಿದ್ದವರಲ್ಲಿ ಎಷ್ಟು ಮಂದಿ ಹತ್ತಕ್ಕೂ ಇಲ್ಲೇ ಬಂದರು? ಪಾಸಾಗಿ ಹೋದವರ ತಮ್ಮ ತಂಗಿಯರು ಎಷ್ಟು? ಒಂದೇ ಶಾಲೆಯವರು ಎಷ್ಟು, ಬೇರೆ ಬೇರೆ ಶಾಲೆಯವರು ಎಷ್ಟು? ಎಲ್ಲರೂ ಒಂದೇ ಶಾಲೆಯವರಾದರೆ, ಆ ಶಾಲೆ ಸಂಜೆ ಹೆಚ್ಚುವರಿ ತರಗತಿ ಶುರು ಮಾಡಿದ ದಿನ ಬ್ಯಾಚು ಖಾಲಿ. ಪಿಯು ಮಕ್ಕಳನ್ನು ನಂಬಿಕೊಂಡಿದ್ದ ಎಷ್ಟೋ ಉಪನ್ಯಾಸಕರಿಗೆ ಆದದ್ದು ಇದೇ. ಕಾಲೇಜುಗಳೇ ಸಿಇಟಿ, ನೀಟ್ ಕೋಚಿಂಗನ್ನು ಒಳಗೆ ಸೇರಿಸಿಕೊಂಡು ಸಂಜೆಯವರೆಗೆ ಕೂರಿಸತೊಡಗಿದ ಮೇಲೆ ಅವರ ಸಂಜೆಗಳು ಬರಿದಾದವು. ಜೂನ್‌ನ ಈ ಲೆಕ್ಕ ಎರಡು ವರ್ಷ ಸತತವಾಗಿ ಸರಿಬಂದು, ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿದ್ದು, ಬೆಳಗಿನ ಹೊತ್ತಿಗೆ ಒಂದಾದರೂ ಬೇರೆ ಬಗೆಯ ಬ್ಯಾಚು ನಿಂತಿದ್ದರೆ, ನೋಟಿಸ್ ಅವಧಿ ಮೇ ಕೊನೆಗೆ ಮುಗಿಯುವಂತೆ ಪತ್ರ ಕೊಡಬಹುದು. ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಹೊಸ ವೇಳಾಪಟ್ಟಿಯೂ ಸಿದ್ಧವಿರುತ್ತದೆ.